ಎಂಜಿನ್ ಬದಲಿಸಿದೆ, ಕಾಲು ಮರೆತೆ

ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಒಂದು ಎಂಜಿನ್ ಇದೆ. ಕಬ್ಬಿಣದ ಆ್ಯಂಗಲ್ ಬೆಸೆದು ಮಾಡಿದ ಸ್ಟ್ಯಾಂಡಿನ ಮೇಲೆ ಕೂತಿದೆ. ಮೈಮೇಲೆ ಅವ್ವನ ಹಳೇ ಇಳಕಲ್ ಸೀರೆಯ ತುಂಡು. ಬೆಳಗಾವಿಯಲ್ಲಿ ಜೂನ್ ಬಂತೆಂದರೆ ಗೋಡೆ, ಬಟ್ಟೆ, ಬೆಂಕಿಪೊಟ್ಟಣ ಎಲ್ಲ ಒದ್ದೆ. ಕಬ್ಬಿಣದ ಗತಿ ಕೇಳಲೇಬೇಡಿ. ಹಾಗಾಗಿ ತಿಂಗಳಿಗೊಮ್ಮೆ ನಾಲ್ಕೂ ಪ್ಲಗ್ ಬಿಚ್ಚಿ, ತೂತಿಗೊಂದು ಚಮಚ ಎಣ್ಣೆ ಬಿಟ್ಟು, ಮುಂದಿನ ನಟ್ಟಿಗೆ ಪಾನಾ ಹಾಕಿ ಎರಡು ಸುತ್ತು ತಿರುಗಿಸುತ್ತೇನೆ. 1999ರಿಂದ ಇದೇ ಕೆಲಸ. ಮನೆಯಲ್ಲಿ ಇದಕ್ಕೆ ‘ಅಭಿಷೇಕ’ ಅಂತ ಹೆಸರು.

ಅದು ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಎಂಜಿನ್. ಕಾರು ಮನೆ ಮುಂದೆಯೇ ನಿಂತಿದೆ, ಹೊಟ್ಟೆಯಲ್ಲಿ ಮಾರುತಿ ಜಿಪ್ಸಿ ಜೀಪಿನ ಎಂಜಿನ್ ಇಟ್ಟುಕೊಂಡು.

ಹೆರಾಲ್ಡ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೂಲದಲ್ಲಿ ಇದು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅಲ್ಲಿ 1959ರಲ್ಲಿ ಬಂತು. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 60ರ ದಶಕದಲ್ಲಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ತಯಾರಿಸಿ ಮಾರಿತು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಆಗ ರಸ್ತೆಯಲ್ಲಿ ಕಾಣುತ್ತಿದ್ದ ಮೂರನೇ ಕಾರು ಇದೇ. ಇದರ ಬಾನೆಟ್ ಬರೀ ಮುಚ್ಚಳ ಅಲ್ಲ. ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಮುಂದಿನ ಟಯರಿನ ಮೇಲೆ ಕಟ್ಟೆ ಮೇಲೆ ಕೂತ ಹಾಗೆ ಕೂತು ಕೆಲಸ ಮಾಡಬಹುದು. ತಿರುಗುವ ಸುತ್ತು ಬರೀ 25 ಅಡಿ. ಟಿಳಕವಾಡಿಯ ಸಂದಿಗಳಲ್ಲಿ ಅಪ್ಪ ಒಂದೇ ಏಟಿಗೆ ಯೂ ಟರ್ನ್ ಹೊಡೆದು, ಪಕ್ಕದಲ್ಲಿ ಕೂತವರ ಮುಖ ನೋಡುತ್ತಿದ್ದ.

ಇದೇನು ಸ್ಪೋರ್ಟ್ಸ್ ಕಾರಾ ಅಂತ ಕೇಳಬಹುದು. ಅಲ್ಲ. ಆದರೆ 1962ರಲ್ಲಿ ಇದೇ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ತೆರೆದ ಬಾಡಿ ಕೂರಿಸಿ, ಟ್ರಯಂಫ್‌ನವರು ಸ್ಪಿಟ್‌ಫೈರ್ ಮಾಡಿದರು. ಅದು ಪಕ್ಕಾ ಸ್ಪೋರ್ಟ್ಸ್ ಕಾರು. ಮುಂದಿನ ಚಕ್ರ ಹಿಡಿಯುವ ವಿಶ್‌ಬೋನ್ ತೋಳು, ಹಿಂದಿನ ಅಡ್ಡ ಪಾಟಾ (ಲೀಫ್ ಸ್ಪ್ರಿಂಗ್), ಎಲ್ಲ ಒಂದೇ ಮನೆತನದ್ದು. 28ರ ವಯಸ್ಸಿನಲ್ಲಿ ನನ್ನ ತಲೆ ಕೆಡಿಸೋಕೆ ಇಷ್ಟು ಸುದ್ದಿ ಸಾಕಾಗಿತ್ತು.

ಅಪ್ಪ ವಿಮೆ ಏಜೆಂಟ್. 1966ರ ಗಾಡಿಯನ್ನು 1974ರಲ್ಲಿ ಒಬ್ಬ ಡಾಕ್ಟರರಿಂದ ಕೊಂಡಿದ್ದ. ಖಾನಾಪುರ, ಬೈಲಹೊಂಗಲ, ಸವದತ್ತಿ ಅಂತ ಅದರಲ್ಲೇ ಊರೂರು ಸುತ್ತಿದ. ಸಂಜೆ ಎರಡನೇ ರೈಲ್ವೆ ಗೇಟಿನ ಕಡೆಯಿಂದ ಆ ಎಂಜಿನ್ನಿನ ಸದ್ದು ಕೇಳಿದರೆ ಅವ್ವ ಚಹಾಕ್ಕೆ ಇಡುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಚಹಾ ಕುದ್ದಿರುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1999ರ ಹೊತ್ತಿಗೆ ಎಂಜಿನ್ ಹೊಗೆ ಕಾರುತ್ತಿತ್ತು. 948 ಸಿಸಿ, ಹೊಸದಾಗಿದ್ದಾಗಲೇ 35ರ ಹತ್ತಿರ ಅಶ್ವಶಕ್ತಿ. ಸವೆದ ಸಿಲಿಂಡರುಗಳನ್ನು ಎರಡು ಸಲ ಬೋರ್ ಮಾಡಿಸಿ ಹಿಗ್ಗಿಸಿದ್ದಾಗಿತ್ತು. ಮೂರನೇ ಸಲಕ್ಕೆ ದೊಡ್ಡ ಸೈಜಿನ ಪಿಸ್ಟನ್ ಸಿಗಲಿಲ್ಲ. ಸ್ಟ್ಯಾಂಡರ್ಡ್ ಕಂಪನಿ ಹೆರಾಲ್ಡ್ ನಿಲ್ಲಿಸಿ, 1972ರಲ್ಲಿ ಗೆಜೆಲ್ ಅಂತ ತಂದಿತ್ತು. ಅದರಲ್ಲೂ ಇದೇ ಎಂಜಿನ್ ಇದ್ದದ್ದರಿಂದ ಅಷ್ಟು ವರ್ಷ ಸಾಮಾನು ಸಿಕ್ಕಿತ್ತು. ಗೆಜೆಲ್ ಕೂಡ ಗುಜರಿಗೆ ಹೋದ ಮೇಲೆ ಅದೂ ಮುಗಿಯಿತು.

ನಾನಾಗ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಸೂಪರ್‌ವೈಸರ್. ಉದ್ಯಮಬಾಗ ಅಂದರೆ ಗೊತ್ತಲ್ಲ, ಫೌಂಡ್ರಿ, ಲೇಥು, ಮಿಲ್ಲಿಂಗು, ಒಂದು ಬಾಗಿಲು ಬಿಟ್ಟರೆ ಇನ್ನೊಂದು. ಕಾಗದದ ಮೇಲೆ ಗೀಚಿ ಕೊಟ್ಟರೆ ಸಂಜೆಗೆ ಲೋಹದಲ್ಲಿ ಕೈಗೆ ಬರುವ ಜಾಗ. ಅಂಥ ಕಡೆ ಕೆಲಸ ಮಾಡುವವನಿಗೆ ಎಲ್ಲವೂ ಆಗುತ್ತದೆ ಅನ್ನುವ ಹುಂಬತನ ಬರುತ್ತದೆ. ಆ ವರ್ಷ ಖಾನಾಪುರ ರಸ್ತೆಯಲ್ಲಿ ಒಂದು ಜಿಪ್ಸಿ ಕಿಂಗ್ ಪಲ್ಟಿಯಾಗಿ ಗುಜರಿಗೆ ಬಂದಿತ್ತು. ಬಾಡಿ ಚಪ್ಪಟೆ, ಎಂಜಿನ್ ಸಾಬೂತು. ಎಂಜಿನ್ನು, ಗೇರ್‌ಬಾಕ್ಸು ಸೇರಿ 22,000 ರೂಪಾಯಿಗೆ ತಂದೆ. ಅಪ್ಪನಿಗೆ ಹೇಳಿದ್ದು ತಂದ ಮೇಲೆ.

ಜಿಪ್ಸಿಯೇ ಯಾಕೆ? ಮಾರುತಿಯ ಬಹುತೇಕ ಕಾರುಗಳಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಮುಂದಿನ ಚಕ್ರ ಎಳೆಯುತ್ತದೆ. ಹೆರಾಲ್ಡನ್ನು ದೂಡುವುದು ಹಿಂದಿನ ಚಕ್ರ, ಹಾಗಾಗಿ ಅದಕ್ಕೆ ಅದು ನಡೆಯೋದಿಲ್ಲ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ. ಇನ್ನೊಂದು ಅನುಕೂಲ ಅಂದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ದೂರ ಕೂತು, ಸಣ್ಣ ಶಾಫ್ಟಿನಿಂದ ಜೋಡಿಸಿಕೊಂಡಿದೆ. ಅದನ್ನು ಬಿಟ್ಟುಬಿಟ್ಟರೆ ಸೀದಾ ಐದು ಗೇರಿನ ಬಾಕ್ಸು ಕೈಗೆ ಸಿಗುತ್ತದೆ. ಎಂಜಿನ್ 1298 ಸಿಸಿ, ಪೂರ್ತಿ ಅಲ್ಯೂಮಿನಿಯಂ, ಕಾರ್ಬುರೇಟರಿಂದು. ತಂತಿಗಳ ಗೊಂದಲವೂ ಕಡಿಮೆ. ಒಂದು ತಮಾಷೆ ಹೇಳಲಾ? ಹಳೇ ಎಂಜಿನ್ನಿನ ಸ್ಟ್ರೋಕ್ 76 ಮಿಲಿಮೀಟರ್, ಇದರದ್ದು 75.5. ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ ಹೆಚ್ಚು ಕಮ್ಮಿ ಒಂದೇ. ಅಗಲ ಮಾತ್ರ 63ರಿಂದ 74ಕ್ಕೆ ಹಿಗ್ಗಿತ್ತು.

ಕೆಲಸ ಶಹಾಪುರದ ಒಬ್ಬ ಮಿಸ್ತ್ರಿ ಮಾಮಾನ ಗ್ಯಾರೇಜಿನಲ್ಲಿ. ಹೆರಾಲ್ಡಿನ ಗೇರ್‌ಬಾಕ್ಸ್ ಮೇಲಿನ ಗುಮ್ಮಟ ಒಳಗಿನಿಂದಲೇ ಬಿಚ್ಚಿ ಬರುತ್ತದೆ, ಅದೊಂದು ಪುಣ್ಯ. ಉಳಿದದ್ದೆಲ್ಲ ಪಾಪ. ಎಂಜಿನ್ ಮೌಂಟಿಂಗಿಗೆ ಮೊದಲು ರಟ್ಟು ಕತ್ತರಿಸಿ ಇಟ್ಟು ನೋಡಿದೆವು, ಆಮೇಲೆ ಪ್ಲೇಟ್ ಕತ್ತರಿಸಿದೆವು. ಮೂರು ಸಲ ಇಳಿಸಿ ಮೂರು ಸಲ ಎತ್ತಿದೆವು. ಒಮ್ಮೆ ಆಯಿಲ್ ಚೇಂಬರ್ ಸ್ಟೇರಿಂಗ್ ರ‍್ಯಾಕಿಗೆ ತಾಗಿತು. ಇನ್ನೊಮ್ಮೆ ಏರ್ ಕ್ಲೀನರ್ ಬಾನೆಟ್ಟಿಗೆ ಬಡಿಯಿತು. ಮೂರನೇ ಸಲ ಎಲ್ಲ ಸರಿ ಕೂತಿತು, ಗೇರ್ ಕಡ್ಡಿ ಮಾತ್ರ ಸೀಟಿನ ಹತ್ತಿರ ಬಂದು ನಿಂತಿತು. ಅದನ್ನು ಬಗ್ಗಿಸಿ ಸುಧಾರಿಸಿದೆವು. ಹೆರಾಲ್ಡಿನ ಕ್ಲಚ್ ಎಣ್ಣೆಯ ಒತ್ತಡದ್ದು, ಜಿಪ್ಸಿಯದು ಕೇಬಲ್. ಪೆಡಲ್ ಕಡೆಗೂ ಕೈ ಹಾಕಬೇಕಾಯಿತು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಿದ್ದು ನಮ್ಮ ಶಾಪಿನ ಪಕ್ಕದಲ್ಲೇ. ನಮ್ಮ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ಸನ್ನು ಬಾಡಿಗೆ ಕೊಟ್ಟಿದ್ದರು, ಆ ಕಾಲದ ಇಂಗ್ಲಿಷ್ ಗಾಡಿಗಳ ರೂಢಿ. ಜಿಪ್ಸಿಯ ಆಲ್ಟರ್ನೇಟರಿಗೆ ಮೈನಸ್ ಬೇಕು. ತಿರುವು ಮುರುವು ಮಾಡಿದೆವು, ಅಪ್ಪನ ರೇಡಿಯೊ ಒಂದನ್ನು ಮರೆತು. ಅದು ಒಂದು ಸಲ ಗೊರ್ ಅಂತ ಹೊಗೆ ಬಿಟ್ಟು ಸುಮ್ಮನಾಯಿತು.

ಕೆಲಸ ಮುಗಿಯೋಕೆ ನಾಲ್ಕು ತಿಂಗಳು ಬೇಕಾಯಿತು.

ಗಾಡಿ ಮನೆಗೆ ತಂದ ಸಂಜೆ ಅಪ್ಪ ಗೇಟಿನ ಹತ್ತಿರ ಬಂದ. ಬಾನೆಟ್ ಎತ್ತಿ ತೋರಿಸಿದೆ. ನೋಡಿದ. “ಛಲೋ ಆಗೇದ” ಅಂದ, ಒಳಗೆ ಹೋದ. ಮರುದಿನ ಅವನೇ ಓಡಿಸಿಕೊಂಡು ಹೋಗಿ ಸಂಜೆ ವಾಪಸ್ ಬಂದಾಗ ಒಲೆ ಮೇಲೆ ಚಹಾ ಇರಲಿಲ್ಲ. ಅವ್ವ ಅಂಗಳದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. “ಯಾವಾಗ ಬಂದ್ರಿ? ಸಪ್ಪಳನ ಕೇಳಲಿಲ್ಲಲ್ಲ” ಅಂದಳು. ಅಪ್ಪ ನನ್ನ ಕಡೆ ನೋಡಿದ. ಬೈದಿದ್ದರೆ ವಾಸಿ ಇತ್ತು.

ಆದರೆ ಆ ದಿನಗಳಲ್ಲಿ ನನಗೆ ಇದೆಲ್ಲ ತಲೆಗೇ ಹೋಗಲಿಲ್ಲ. ಗಾಡಿ ಓಡುತ್ತಿತ್ತು! ಮೊದಲು 60 ದಾಟಿದರೆ ಹೊಲಿಗೆ ಮಷಿನ್ ಥರ ಅರಚುತ್ತಿದ್ದ ಕಾರು ಈಗ ಐದನೇ ಗೇರಿನಲ್ಲಿ 80ಕ್ಕೆ ತಣ್ಣಗೆ ಹೋಗುತ್ತಿತ್ತು. ಕಾಕತಿಯ ಕಡೆ ಹೈವೇಯಲ್ಲಿ ಲಾರಿಗಳನ್ನು ಹಿಂದೆ ಹಾಕಿದೆ. ಗೆಳೆಯರನ್ನು ಕೂರಿಸಿಕೊಂಡು ಊರಿನ ಕ್ಯಾಂಪ್ ಪ್ರದೇಶದಲ್ಲಿ ಸುತ್ತು ಹಾಕಿದೆ.

ಎರಡು ವಾರ.

ಆಮೇಲೆ ಒಂದು ಬೆಳಿಗ್ಗೆ ನಮ್ಮ ಓಣಿಗೇ ತಿರುಗುವಾಗ, ನಡೆಯುವ ಮನುಷ್ಯನಷ್ಟೇ ವೇಗ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದೆ, ಮುಂದಿನ ಬಲಗಡೆ ‘ಟಕ್’ ಅಂತ ಸದ್ದಾಯಿತು. ಕಾರು ಆ ಮೂಲೆಗೆ ಕುಸಿದು ನಿಂತಿತು. ಇಳಿದು ನೋಡಿದರೆ ಚಕ್ರ ಬುಡದಲ್ಲಿ ಮುರಿದು, ಮಡ್‌ಗಾರ್ಡಿನ ಒಳಗೆ ಕಾಲು ಮಡಚಿಕೊಂಡ ಕರುವಿನ ಹಾಗೆ ಮಲಗಿತ್ತು.

ಮಿಸ್ತ್ರಿ ಮಾಮಾ ಸೈಕಲ್ ಮೇಲೆ ಬಂದ. ಮಂಡಿ ಊರಿ ಕೂತು ಮುರಿದ ಜಾಗಕ್ಕೆ ಬೆರಳು ಹಾಕಿ ತೆಗೆದ. ಬೆರಳ ತುದಿಗೆ ಕರೀ ಮೇಣದ ಥರ ಏನೋ ಗಟ್ಟಿಯಾಗಿ ಅಂಟಿತ್ತು.

“ಇದಕ್ಕ ಗ್ರೀಸ್ ಯಾವಾಂವ ಹೊಡದಾನೋ ತಮ್ಮಾ?”

“ಎಲ್ಲಾರೂ ಹೊಡೀತಾರ ಮಾಮಾ. ಗ್ರೀಸ್ ಹೊಡಿಯೋ ನಿಪ್ಪಲ್ ಐತೆಲ್ಲ.”

“ನಿಪ್ಪಲ್ ಐತಿ. ಆದ್ರ ಅದು ಗ್ರೀಸಿಂದಲ್ಲ. ಎಣ್ಣಿದು.”

ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇವತ್ತಿಗೂ ಯಾರ ಮನೆಯಲ್ಲಾದರೂ ಹೆರಾಲ್ಡ್ ಇದ್ದರೆ ಇದು ಅವರ ಜೀವದ ಪ್ರಶ್ನೆ. ಹೆರಾಲ್ಡಿನ ಮುಂದಿನ ಚಕ್ರ ನಿಂತಿರುವುದು ಒಂದು ಉಕ್ಕಿನ ನೆಟ್ಟನೆಯ ಕೊಂಡಿಯ ಮೇಲೆ. ಅದರ ಕೆಳತುದಿಯಲ್ಲಿ ಬೋಲ್ಟಿನ ಹಾಗೆ ಥ್ರೆಡ್ ಇದೆ. ಆ ಥ್ರೆಡ್ಡು ಹಿತ್ತಾಳೆ ಬಣ್ಣದ ಒಂದು ಗಟ್ಟಿಯೊಳಗೆ ತಿರುಗುತ್ತದೆ. ಆ ಗಟ್ಟಿಯ ಹೆಸರು ಟ್ರನಿಯನ್. ನೀವು ಸ್ಟೇರಿಂಗ್ ತಿರುಗಿಸಿದಷ್ಟು ಸಲ ಸ್ಕ್ರೂ ಆ ಗಟ್ಟಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಬೇಕಾದ್ದು ಗೇರ್‌ಬಾಕ್ಸಿಗೆ ಹಾಕುವಂಥ 90 ನಂಬರಿನ ಎಣ್ಣೆ. ಎಣ್ಣೆ ಥ್ರೆಡ್ಡಿನ ಸಂದು ಸಂದಿಗೆ ಇಳಿಯುತ್ತದೆ, ಕೆಳಗೆ ಬಂದ ನೀರನ್ನು ದೂಡುತ್ತದೆ. ಗ್ರೀಸ್ ಹಾಕಿದರೆ ಅದು ಮೇಲೆಯೇ ಗಟ್ಟಿಯಾಗಿ ಕೂರುತ್ತದೆ. ಕೆಳಗೆ ನೀರು ನಿಲ್ಲುತ್ತದೆ. ಒಳಗೊಳಗೇ ಉಕ್ಕು ತುಕ್ಕು ತಿನ್ನುತ್ತದೆ. ಹೊರಗಿಂದ ಏನೂ ಕಾಣೋದಿಲ್ಲ. ಒಂದು ದಿನ, ಸಾಮಾನ್ಯವಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೇ, ಟಕ್.

ನಮ್ಮ ಮೆಕ್ಯಾನಿಕ್ಕುಗಳ ತಪ್ಪಲ್ಲ. ನಿಪ್ಪಲ್ ಕಂಡರೆ ಗ್ರೀಸ್ ಗನ್ ಹಚ್ಚೋದು ಅವರ ಕೈಗೆ ಬಂದ ಬುದ್ಧಿ. ಇಂಗ್ಲೆಂಡಿನ ಕಂಪನಿ ಗ್ರೀಸ್ ನಿಪ್ಪಲ್ಲಿನಂತೆ ಕಾಣುವುದನ್ನು ಕೂರಿಸಿ, ಎಣ್ಣೆ ಹಾಕಿ ಅಂತ ಪುಸ್ತಕದಲ್ಲಿ ಬರೆದು ಕೈ ತೊಳೆದುಕೊಂಡರೆ, ಆ ಪುಸ್ತಕ ಶಹಾಪುರದ ಓಣಿಗೆ ಬರುವುದು ಹೇಗೆ?

ಮಾಮಾ ಎದ್ದು ನಿಂತು ಕೈ ಒರೆಸಿಕೊಂಡ. “ಗಾಡಿಗೆ ಹೊಸಾ ಎದಿ ಹಾಕಿದಿ. ಕಾಲ ನೋಡಲಿಲ್ಲ. ಇದು ನಿನ್ನೆ ಕಾಕತಿ ಹತ್ರ ಮುರದಿದ್ರ?” ನಾನು ಉತ್ತರ ಕೊಡಲಿಲ್ಲ. ನಾಲ್ಕು ತಿಂಗಳು ಅದೇ ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಿದ್ದೆ. ಎಂಜಿನ್ ಕೆಟ್ಟರೆ ಹೊಗೆ ಬಿಡುತ್ತದೆ, ಕೆಮ್ಮುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಈ ಗಟ್ಟಿ ಎಷ್ಟು ವರ್ಷ ಸುಮ್ನೆ ಒಳಗೊಳಗೇ ಸವೆದಿತ್ತೋ.

ಟ್ರನಿಯನ್ ಎರಡೂ ಕಡೆ ಹೊಸದು ಮಾಡಿಸಿದೆವು, ಒಂದಕ್ಕೆ ಎಡ ಥ್ರೆಡ್ಡು, ಒಂದಕ್ಕೆ ಬಲ. ಕೊಂಡಿಗಳನ್ನು ಮಾತ್ರ ಪುಣೆಯ ಒಬ್ಬ ಹಳೇ ಸಾಮಾನಿನವನಿಂದ ತಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹಿಂದಿನ ಕಾಲು ಬಾಕಿ ಇತ್ತು.

ಜಾಂಬೋಟಿ ರಸ್ತೆ ಗೊತ್ತಿದ್ದವರಿಗೆ ಅದರ ತಿರುವುಗಳೂ ಗೊತ್ತು. ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗುವ ದಾರಿ. ಮೊದಲ ಮಳೆ ಬಿದ್ದ ಭಾನುವಾರ ಒಬ್ಬನೇ ಹೋದೆ. ಒಂದು ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲಿ ಹೊಕ್ಕೆ. ಎದುರಿಗೆ ಎಮ್ಮೆಗಳು. ಎಲ್ಲರೂ ಮಾಡುವುದನ್ನೇ ಮಾಡಿದೆ, ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದೆ. ತಕ್ಷಣ ಹಿಂಭಾಗ ಯಾರೋ ಕೆಳಗಿನಿಂದ ಎತ್ತಿದ ಹಾಗೆ ಮೇಲೆದ್ದಿತು, ಹೊರಕ್ಕೆ ಜಾರಿತು. ಕಾರು ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ನಿಂತಿತು. ಎಮ್ಮೆಗಳು ಬಹಳ ಸಾವಧಾನವಾಗಿ ನನ್ನ ಪಕ್ಕದಲ್ಲಿ ಹಾದು ಹೋದವು.

ಇದಕ್ಕೂ ಕಾರಣ ಇದೆ. ಹೆರಾಲ್ಡಿನ ಹಿಂದಿನದು ಸ್ವಿಂಗ್ ಆ್ಯಕ್ಸಲ್. ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಡಬ್ಬಿ, ಚಾಸಿಗೆ ಬಿಗಿದಿರುತ್ತದೆ. ಎರಡೂ ಕಡೆ ಆ್ಯಕ್ಸಲ್‌ಗಳು ಹಕ್ಕಿಯ ರೆಕ್ಕೆಯ ಹಾಗೆ ಅದರಿಂದ ಮೇಲೆ ಕೆಳಗೆ ಆಡುತ್ತವೆ. ಮೇಲೆ ಅಡ್ಡಲಾಗಿ ಒಂದು ಪಾಟಾ ಕಟ್ಟು. ತಿರುವಿನಲ್ಲಿ ಕಾಲು ತೆಗೆದರೆ ಭಾರ ಮುಂದೆ ಹೋಗುತ್ತದೆ, ಹಿಂಭಾಗ ಏಳುತ್ತದೆ, ರೆಕ್ಕೆ ಕೆಳಗೆ ಬಾಗುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಟಯರು ಅಂಚಿನ ಮೇಲೆ ನಿಲ್ಲುತ್ತದೆ. ಹಿಡಿತ ಹೋಯಿತು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲೂ ಸ್ವಿಂಗ್ ಆ್ಯಕ್ಸಲ್ಲೇ ಇತ್ತು, ಕಾಟವೂ ಇದೇ. ನಮ್ಮಲ್ಲಿ ಗೆಜೆಲ್ ಮಾಡುವಾಗ ಸ್ಟ್ಯಾಂಡರ್ಡ್‌ನವರು ಇದನ್ನು ತೆಗೆದು ಮಾಮೂಲಿ ಗಟ್ಟಿ ಆ್ಯಕ್ಸಲ್ ಹಾಕಿಬಿಟ್ಟರು. 35 ಅಶ್ವಶಕ್ತಿಯಲ್ಲಿ ಅಪ್ಪ 25 ವರ್ಷ ಓಡಿಸಿದರೂ ಇದು ಹಲ್ಲು ತೋರಿಸಿರಲಿಲ್ಲ. ಆ ಮೂಲೆಗೆ ಬೇಕಾದ ವೇಗವನ್ನು ಕೊಟ್ಟವನು ನಾನು.

ಗೆಜೆಲ್ಲಿನ ಆ್ಯಕ್ಸಲ್ ಹುಡುಕಬಹುದಿತ್ತು. ಹಟಕ್ಕೆ ಬಿದ್ದು ಬೇರೆ ದಾರಿ ಹಿಡಿದೆ. 1970ರ ಹೊತ್ತಿಗೆ ಟ್ರಯಂಫ್‌ನವರೇ ಸ್ಪಿಟ್‌ಫೈರಿಗೆ ಒಂದು ಉಪಾಯ ಮಾಡಿದ್ದರು. ಪಾಟಾ ಕಟ್ಟನ್ನು ಪೂರ್ತಿ ಡಿಫರೆನ್ಷಿಯಲ್‌ಗೆ ಬಿಗಿಯೋ ಬದಲು ಒಂದು ಪಾಟಾ ಮಾತ್ರ ಬಿಗಿದು, ಉಳಿದವು ನಡುವಿನಲ್ಲಿ ತಕ್ಕಡಿ ಹಾಗೆ ತೂಗುವಂತೆ ಬಿಟ್ಟರು. ಗುಂಡಿ ಬಂದರೆ ಎಲ್ಲ ಸೇರಿ ಭಾರ ಹೊರುತ್ತವೆ. ಗಾಡಿ ಒಂದು ಪಕ್ಕಕ್ಕೆ ವಾಲಿದಾಗ ಮಾತ್ರ ಅವು ತೂಗಿ ಸುಮ್ಮನಾಗುತ್ತವೆ, ಚಕ್ರವನ್ನು ಮಡಚುವಷ್ಟು ತಳ್ಳುವುದಿಲ್ಲ. ಎಷ್ಟು ಸರಳ ನೋಡಿ!

ಅದನ್ನು ಮಾಡಿಕೊಟ್ಟವರು ಲಾರಿ ಪಾಟಾ ಕೆಲಸದವರು. ಮೊದಲನೇ ಸಲ ಪಾಟಾ ಜಾಸ್ತಿ ಗಡುಸಾಗಿ, ಗಾಡಿ ಖಾಲಿ ಎತ್ತಿನಗಾಡಿಯ ಹಾಗೆ ಕುಪ್ಪಳಿಸಿತು. ಎರಡನೇ ಸಲ ಎರಡು ಪಾಟಾ ತೆಗೆದು, ಬಾಗು ಕಡಿಮೆ ಮಾಡಿ, ಹಿಂಭಾಗವನ್ನು ಒಂದು ಇಂಚು ಇಳಿಸಿದೆವು. ಖಾಲಿ ನಿಂತಾಗಲೇ ಹಿಂದಿನ ಚಕ್ರಗಳು ತಲೆ ಒಳಗೆ, ಕಾಲು ಹೊರಗೆ ಚಾಚಿ ನಿಂತವು. ನೋಡಿದವರೆಲ್ಲ ‘ಪಾಟಾ ಮುರದೈತಿ’ ಅಂತ ಎಚ್ಚರಿಸುತ್ತಾರೆ. ಈಗಲೂ. ಸಿಗ್ನಲ್ಲಿನಲ್ಲಿ ಆಟೋದವರು ಗಾಜು ಬಡಿದು ಹೇಳಿದ್ದಿದೆ.

ಮುಂದೆ ಇನ್ನೊಂದು ಸಮಸ್ಯೆ. ಅಲ್ಯೂಮಿನಿಯಂ ಎಂಜಿನ್ ಹಗುರ, ಹಳೇದು ಎರಕದ ಕಬ್ಬಿಣ. ಭಾರ ಕಡಿಮೆಯಾಗಿ ಮೂತಿ ಮೇಲೆದ್ದಿತ್ತು. ಗ್ರೈಂಡರ್‌ನಿಂದ ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿಬಿಡಿ ಅಂತ ಸಲಹೆ ಕೊಟ್ಟವರೇ ಜಾಸ್ತಿ. ದಯವಿಟ್ಟು ಅದನ್ನು ಮಾಡಬೇಡಿ. ಕತ್ತರಿಸಿದ ಸ್ಪ್ರಿಂಗ್ ಸರಿಯಾಗಿ ಕೂರುವುದಿಲ್ಲ, ಇನ್ನೂ ಗಡುಸಾಗುತ್ತದೆ. ಕೊಲ್ಹಾಪುರದ ಶಿರೋಳಿ ಕಡೆ ಹೊಸದಾಗಿ ಸುತ್ತಿಸಿ ತಂದೆ. ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ದಪ್ಪನೆಯ ಆ್ಯಂಟಿ ರೋಲ್ ಬಾರ್, ಹೊಸ ಶಾಕ್ ಅಬ್ಸಾರ್ಬರ್, ಮುಂದೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕ್, ಇವೆಲ್ಲ ಒಂದೊಂದೇ ಆದವು. ಖರ್ಚಿನ ಲೆಕ್ಕ ಬರೆಯುವುದನ್ನು ಮಧ್ಯದಲ್ಲೇ ಬಿಟ್ಟೆ. ಎಂಜಿನ್ನಿಗಿಂತ ಮೂರು ಪಟ್ಟು ಕಾಲಿಗೇ ಹೋಯಿತು ಅಂತ ಮಾತ್ರ ಗೊತ್ತು.

ಇಷ್ಟೆಲ್ಲ ಆದ ಮೇಲೆ ವಂಟಮುರಿ ಘಾಟಿನ ಏರಿನಲ್ಲಿ ಹಿಂದಿನ ಎಡ ಚಕ್ರ ತಿರುಗಿಸುವ ಹಾಫ್ ಶಾಫ್ಟ್ ತುಂಡಾಯಿತು. 35 ಅಶ್ವಶಕ್ತಿಗೆ ಮಾಡಿದ ಶಾಫ್ಟು, ಅದರ ಸುಮಾರು ಎರಡು ಪಟ್ಟು ಹೊರುತ್ತಿತ್ತು. ಇಎನ್ 24 ಅನ್ನುವ ಗಟ್ಟಿ ಉಕ್ಕಿನಲ್ಲಿ ಒಂದು ಜೋಡಿ ಕಡೆಸಿ, ಹದ ಹಾಕಿಸಿ ಕೂರಿಸಿದೆವು. ಅವು ಇನ್ನೂ ಇವೆ.

ಕಾಗದಪತ್ರದ ಮಾತು. ಆಗ ಆರ್‌ಟಿಓಗೆ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿದ್ದೆ. ಈಗ ಇದನ್ನು ಓದಿ ಯಾರೂ ಪಾನಾ ಎತ್ತಬೇಡಿ. ಕಾಯ್ದೆ ಬಿಗಿಯಾಗಿದೆ. ಕಂಪನಿ ಮಾಡಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

2021ರಲ್ಲಿ ಮಗಳು ಫೋನ್ ಹಿಡಿದುಕೊಂಡು ಬಂದಳು. 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಅಂತ ಬೇರೆ ನೋಂದಣಿ ಬಂದಿದೆಯಂತೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಇರುತ್ತದಂತೆ. 20,000 ರೂಪಾಯಿ, 10 ವರ್ಷ. ಅಪ್ಪ ಹೋಗಿ ಆಗ ಆರು ವರ್ಷವಾಗಿತ್ತು. “ಅಜ್ಜನ ಗಾಡಿಗೆ ಮಾಡಿಸೋಣ ಪಪ್ಪಾ” ಅಂದಳು. ಕೆಳಗೆ ಓದು ಅಂದೆ. ಓದಿದಳು. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ಇಬ್ಬರೂ ಶೆಡ್ಡಿನ ಕಡೆ ನೋಡಿದೆವು.

ಹಳೇ ಎಂಜಿನ್ ವಾಪಸ್ ಕೂರಿಸಬಹುದು. ಮೌಂಟಿಂಗಿನ ಮೂಲ ಜಾಗ ನಾನು ಕೆಡಿಸಿಲ್ಲ, ಅಷ್ಟು ಬುದ್ಧಿ ಆಗಲೇ ಇತ್ತು. ಆದರೆ ಆ ನಿಯಮದ ಇನ್ನೊಂದು ಸಾಲೂ ಇದೆ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದ್ದಕ್ಕೆ ಮಾತ್ರ. ಈ ಗಾಡಿಯಲ್ಲಿ ನಾನು ಶನಿವಾರ ಸಂತೆಗೆ ಹೋಗುತ್ತೇನೆ. ಮಳೆ ಬಂದರೆ ಜಾಂಬೋಟಿಗೆ ಹೋಗುತ್ತೇನೆ. ಮಗಳು ಗೇರ್ ಹಾಕೋಕೆ ಕಲಿತದ್ದು ಇದರಲ್ಲೇ. ಅಪ್ಪನಿಗೂ ಇದು ಕೆಲಸದ ಗಾಡಿ. ಹೂವಿನ ಹಾರ ಹಾಕಿ ನಿಲ್ಲಿಸಿದ್ದರೆ ಅವನು ನಗುತ್ತಿದ್ದ. ಆದರೆ ಆ ಸದ್ದು ಕಿತ್ತದ್ದೂ ನಾನೇ ಅಲ್ವಾ? ಹೀಗೆ ಯೋಚಿಸುತ್ತಲೇ ವರ್ಷಗಳು ಹೋಗಿವೆ. ಯಾವುದನ್ನೂ ತೀರ್ಮಾನಿಸಿಲ್ಲ. ಅಭಿಷೇಕ ನಡೆದಿದೆ.

ಕಳೆದ ಆಯುಧ ಪೂಜೆಗೆ ಮಗಳು ಒಂದು ಹಟ ಹಿಡಿದಳು. ಸ್ಟ್ಯಾಂಡಿನ ಮೇಲೆಯೇ ಅದನ್ನು ಒಂದು ಸಲ ಶುರು ಮಾಡಿ ನೋಡೋಣ ಅಂತ. ಬಾಟಲಿಯಲ್ಲಿ ಪೆಟ್ರೋಲು ನೇತು ಹಾಕಿ, ಬಕೆಟ್ ನೀರು ಕೊಟ್ಟು, ಬ್ಯಾಟರಿ ಜೋಡಿಸಿದೆವು. ಮೂರನೇ ಸಲಕ್ಕೆ ಹಿಡಿಯಿತು. ಶೆಡ್ಡಿನ ತುಂಬ ಹೊಗೆ. ಒಂದು ನಿಮಿಷ ಬಿಟ್ಟಿರಬಹುದು. ಆಫ್ ಮಾಡಿ ಹೊರಗೆ ಬಂದರೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಅವಳಿಗೆ ಕಿವಿ ಅಷ್ಟಕ್ಕಷ್ಟೇ. ಏನೂ ಕೇಳಲಿಲ್ಲ. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗ್ಯಾಸ್ ಹಚ್ಚಿದ ಸಪ್ಪಳ ಬಂತು.

ಅದೇ ದಿನ ಇನ್ನೊಂದು ಕೆಲಸ ಮುಗಿಸಿದೆವು. ಹೆರಾಲ್ಡಿನ ಮೂತಿ ಮುಂದಕ್ಕೆ ಬಾಗಿಸಿ, ಬಾನೆಟ್ಟಿನ ಒಳಮೈಗೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದೆ: ‘ಮುಂದಿನ ಚಕ್ರಕ್ಕೆ ಗ್ರೀಸ್ ಹೊಡೆಯಬೇಡಿ. 90 ನಂಬರ್ ಎಣ್ಣೆ.’ ಮಗಳು ಬ್ರಷ್ ಇಸಿದುಕೊಂಡು ಅದನ್ನೇ ಕೆಳಗೆ ಮರಾಠಿಯಲ್ಲೂ ಬರೆದಳು. ಗ್ಯಾರೇಜಿನ ಹುಡುಗರು ಯಾರು ಬರುತ್ತಾರೋ, ಏನೋ.